ಮನೆ ಸಾಲಿನ ಬದನೆಕಾಯಿ

“ನಾವು ಔಷಧಿ ಹೊಡೆದ ತರಕಾರಿ ತಿಂದು ಬೆಳೆದವರೇ ಅಲ್ಲ” ಎಂದು ನನ್ನ ತಮ್ಮ ನಾಗರಾಜ ನೆಂಟರ ಮುಂದೆ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪೂರ್ತಿ ಸುಳ್ಳು ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವನು ಅರ್ಧ ನಿಜ ಹೇಳುತ್ತಾನೆ, ಅದಕ್ಕೇ ತಡೆದುಕೊಳ್ಳಲಾಗುವುದಿಲ್ಲ. ಹೊರಮಾವಿನಲ್ಲಿ ನಮ್ಮ ತೋಟವಿದ್ದ ಜಾಗದಲ್ಲೇ ಅವನು ನಾಲ್ಕು ಅಂತಸ್ತಿನ ಮನೆ ಕಟ್ಟಿಸಿದ್ದಾನೆ. ಕೆಳಗಿನ ಮೂರು ಅಂತಸ್ತು ಬಾಡಿಗೆಗೆ, ಮೇಲಿನದರಲ್ಲಿ ಅವನ ಸಂಸಾರ, ಅದರ ಮೇಲೆ ತಾರಸಿ. ತಾರಸಿಯ ತುಂಬ ಚೀಲಗಳಲ್ಲಿ ಟೊಮೆಟೊ, ದಂಟು, ಬದನೆ. ಬಂದವರನ್ನೆಲ್ಲ ಮೇಲೆ ಹತ್ತಿಸಿ ತೋರಿಸದಿದ್ದರೆ ಅವನಿಗೆ ಸಮಾಧಾನವಿಲ್ಲ. ಹೋದ ತಿಂಗಳು ನಾನು ಹೋದಾಗ ಜಿರಳೆಗೆ ಔಷಧಿ ಹೊಡೆಯುವ ಇಬ್ಬರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಒಂದೊಂದೇ ಮನೆ ಮುಗಿಸುತ್ತ ಮೆಟ್ಟಿಲು ಹತ್ತುತ್ತಿದ್ದರು. ಮೂರು ಅಂತಸ್ತು ಮುಗಿಯಿತು. ನಾಗ ಮೇಲಿನಿಂದ ಬಗ್ಗಿ ಕೂಗಿದ.

“ಸಾಕು, ಸಾಕು. ಮೇಲ್ಗಡೆ ಬೇಡ, ನಮ್ ಮಗು ಇದೆ.”

ಅವನ ಮೊಮ್ಮಗುವಿಗೆ ಉಬ್ಬಸ, ನಿಜ. ಆದರೆ ಎರಡನೇ ಅಂತಸ್ತಿನಲ್ಲಿ ಮಾರತ್ತಹಳ್ಳಿಗೆ ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಇದ್ದಾರೆ, ಅವರ ಮಗು ಇನ್ನೂ ಅಂಬೆಗಾಲಿಡುತ್ತದೆ, ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ.

“ಲೋ ನಾಗ, ಎರಡನೇ ಫ್ಲೋರಲ್ಲಿ ಇರೋದು ಮಗು ಅಲ್ವೇನೋ?”

“ಅಯ್ಯೋ ಅಕ್ಕ, ಅದು ಹರ್ಬಲ್ ಅಂತೆ. ಏನೂ ಆಗಲ್ಲ.”

“ಏನೂ ಆಗಲ್ಲ ಅಂದ್ರೆ ನಿಮ್ಮನೆಗೂ ಹೊಡಿಸು.”

“ಶುರು ಆಯ್ತು ನೋಡು ನಿಂದು,” ಎಂದು ಅವನು ತಾರಸಿಗೆ ಹೊರಟುಹೋದ.

ನನ್ನದು ಶುರುವಾಗಿ ಐವತ್ತು ವರ್ಷ ದಾಟಿದೆ. ಅದು ಅವನಿಗೆ ಗೊತ್ತಿಲ್ಲ, ಏಕೆಂದರೆ ಆಗ ಅವನು ತೊಟ್ಟಿಲಲ್ಲಿದ್ದ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಸ್ವಂತ ತಮ್ಮನಿಗೆ ಒಂದು ಪಾಠ ಹೇಳಲಾಗಲಿಲ್ಲ. ಬರೆದಾದರೂ ಇಡುತ್ತೇನೆ.

ಆಗ ಅದು ಹಳ್ಳಿ. ಈಗ ನಾಗನ ಕಾರು ನಿಲ್ಲುವ ಜಾಗದಲ್ಲಿ ನಮ್ಮ ಹೆಂಚಿನ ಮನೆ ಇತ್ತು. ಮುಂದೆ ಜಗಲಿ, ಒಳಗೆ ನಡುಮನೆ, ಬಲಕ್ಕೆ ಅಡುಗೆಮನೆ, ಹಿಂದೆ ಹಂಡೆ ಹೂತಿದ್ದ ಬಚ್ಚಲು. ಬಚ್ಚಲಿಗೆ ಅಂಟಿಕೊಂಡು ಒಂದು ಸಣ್ಣ ಕೋಣೆ. ಮೊದಲು ಅದರಲ್ಲಿ ಸೌದೆ ಇಡುತ್ತಿದ್ದರಂತೆ, ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಔಷಧಿ ಕೋಣೆಯಾಗಿತ್ತು. ಗೂಟಕ್ಕೆ ನೇತುಹಾಕಿದ ಹಿತ್ತಾಳೆಯ ಪಂಪು, ಮೂಲೆಯಲ್ಲಿ ಬಿಳಿ ಪುಡಿಯ ಚೀಲ, ಗೋಡೆಯ ಗೂಡಿನಲ್ಲಿ ತಲೆಬುರುಡೆಯ ಚಿತ್ರದ ಡಬ್ಬಿಗಳು. ಬಾಗಿಲು ತೆರೆದರೆ ಮೂಗಿನೊಳಗೆ ಏನೋ ಕಚ್ಚಿದಂತಾಗುತ್ತಿತ್ತು. ಅದರೊಳಗೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ ಎಂದು ಅಪ್ಪ ನನಗೆ ಹೇಳಿದ್ದ. ಅದೇ ಅಪ್ಪ, ಡಬ್ಬಿ ಖಾಲಿಯಾದ ಮೇಲೆ ಬೂದಿ ಹಾಕಿ ಉಜ್ಜಿ, ಬಚ್ಚಲಿಗೆ ಚೊಂಬು ಮಾಡಿಟ್ಟಿದ್ದ. ತಲೆಬುರುಡೆ ಇದ್ದ ಡಬ್ಬಿಯಿಂದಲೇ ನಾವು ಹಬ್ಬದ ಎಣ್ಣೆನೀರು ಸುರಿದುಕೊಂಡೆವು. ಅಜ್ಜಿ ಮುನಿತಾಯಮ್ಮ ಔಷಧಿ ಎಂದರೆ ಉರಿದುಬೀಳುತ್ತಿದ್ದವಳು. ಅವಳೂ ನನ್ನ ತಲೆಯಲ್ಲಿ ಹೇನು ಕಂಡರೆ ಅದೇ ಬಿಳಿ ಪುಡಿಯನ್ನು ಒಂದು ಚಿಟಿಕೆ ತಂದು ತಲೆಗೆ ಉಜ್ಜಿ ಬಟ್ಟೆ ಕಟ್ಟಿ ಕೂರಿಸುತ್ತಿದ್ದಳು. ಹೊಟ್ಟೆಗೆ ಹೋಗದಿದ್ದರೆ ಸಾಕು ಎಂಬುದು ನಮ್ಮ ಮನೆಯವರ ತಿಳಿವಳಿಕೆ. ಅಪ್ಪ ಔಷಧಿ ಹೊಡೆದು ಬಂದ ಬಟ್ಟೆಯನ್ನು ಒಗೆದು ಒಗೆದು ಅಮ್ಮನ ಅಂಗೈ ಸುಲಿದುಹೋಗಿತ್ತು. ಅದನ್ನು ಎಲ್ಲರೂ ಸೋಪಿನ ಮೇಲೆ ಹೊರಿಸಿದರು.

ಹೊಟ್ಟೆಗೆ ಹೋಗುವುದರ ವಿಷಯದಲ್ಲಿ ಮಾತ್ರ ಮನೆ ಬಲು ಕಟ್ಟುನಿಟ್ಟು. ತೋಟದ ಬದನೆ ಮಡಿಯಲ್ಲಿ ಬಾವಿಯ ಕಡೆಯ ಕೊನೆಯ ಎರಡು ಸಾಲನ್ನು ಮನೆ ಸಾಲು ಎನ್ನುತ್ತಿದ್ದರು. ನಮ್ಮ ತೋಟದಲ್ಲಷ್ಟೇ ಅಲ್ಲ, ಸುತ್ತಲ ತೋಟಗಳಲ್ಲೆಲ್ಲ ಹೀಗೇ ಎರಡು ಸಾಲು ಇರುತ್ತಿತ್ತು. ಆ ಎರಡು ಸಾಲಿಗೆ ಔಷಧಿ ಹೊಡೆಯುವಂತಿಲ್ಲ. ಅಪ್ಪ ಪಂಪು ಕಟ್ಟಿಕೊಂಡು ಆ ಕಡೆ ಬಂದರೆ ಅಜ್ಜಿ ಕೋಲು ಹಿಡಿದು ಸಾಲಿನ ತುದಿಯಲ್ಲಿ ನಿಂತುಬಿಡುತ್ತಿದ್ದಳು, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಸೆರಗು ಎತ್ತಿ ನೋಡುತ್ತಿದ್ದಳು. ತನ್ನ ಸಾಲಿಗೆ ಅವಳು ಬೂದಿ ಎರಚುವಳು, ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸುವಳು, ಉಳಿದ ಹುಳುವನ್ನು ಕೈಯಲ್ಲಿ ಹೆಕ್ಕಿ ಕೋಳಿಗೆ ಹಾಕುವಳು. ಆ ಗಿಡಗಳ ಕಾಯಿ ಡೊಂಕು, ಅರ್ಧಕ್ಕರ್ಧ ತೂತು. ಅಡುಗೆಮನೆಗೆ ಬರುತ್ತಿದ್ದದ್ದು ಅವು ಮಾತ್ರ. ಉಳಿದ ಮಡಿಗಳಲ್ಲಿ ಮಿರಮಿರ ಮಿಂಚುತ್ತಿದ್ದ ಕಾಯಿಗಳು ಶಿವಾಜಿನಗರದ ಮಾರ್ಕೆಟ್ಟಿಗೆ. ಹಿಂದಿನ ದಿನ ಹೊಡೆದು ಮಾರನೆಯ ದಿನ ಕಿತ್ತರೆ ಕಾಯಿ ಹೆಚ್ಚು ಮಿಂಚುತ್ತದೆ ಎಂದು ಅಪ್ಪ ಕಂಡುಕೊಂಡಿದ್ದ.

ಅಪ್ಪ ಹುಟ್ಟುತ್ತಲೇ ಹಾಗಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅವನ ಮದುವೆಗೂ ಮುಂಚೆ ಒಂದು ದಿನ ಜೀಪಿನಲ್ಲಿ ಯಾರೋ ಬಂದರಂತೆ. ಬಿಳಿ ಪುಡಿಯನ್ನು ಬರಿಗೈಯಲ್ಲಿ ಹಿಡಿದು ತೋರಿಸಿ, ಹುಳುವಿಗೆ ಮಾತ್ರ ವಿಷ, ಮನುಷ್ಯರಿಗೆ ಏನೂ ಆಗುವುದಿಲ್ಲ ಎಂದರಂತೆ. ಮೊದಲ ವರ್ಷ ಹುಳುವೇ ಇಲ್ಲ, ಊರಿಗೆ ಊರೇ ಬೆರಗಾಯಿತು. ಎರಡನೇ ವರ್ಷ ಹುಳು ವಾಪಸು ಬಂತು, ಪುಡಿ ಎರಡರಷ್ಟು ಬೇಕಾಯಿತು. ಆಮೇಲೆ ಪುಡಿಗೆ ಜಗ್ಗದ ಹುಳು ಬಂತು, ಅದಕ್ಕೆ ಎಂಡ್ರಿನ್ ಎಂಬ ಔಷಧಿ ಬಂತು. ಮುಂದೆ ಈ ಪುಡಿ, ಈ ಎಂಡ್ರಿನ್ ಎಲ್ಲವನ್ನೂ ಬೆಳೆಗೆ ಹೊಡೆಯಬಾರದೆಂದು ಒಂದೊಂದಾಗಿ ನಿಷೇಧಿಸಿದರು. ನಿಷೇಧವಾದಾಗಲೆಲ್ಲ ಗೂಡಿನಲ್ಲಿ ಹಳೆ ಡಬ್ಬಿ ಹೋಗಿ ಹೊಸ ಡಬ್ಬಿ ಕೂತಿತು. ಅದಕ್ಕೂ ಎಷ್ಟೋ ಮುಂಚೆ, ನಾನು ಶಾಲೆ ಸೇರುವ ಹೊತ್ತಿಗೇ ಬೇಲಿಯ ಮೇಲಿನ ಗುಬ್ಬಿ ಕಡಿಮೆಯಾಗಿತ್ತು, ಬಾವಿಯ ಪಕ್ಕದ ಕಪ್ಪೆ ವಟಗುಟ್ಟುವುದು ನಿಂತಿತ್ತು. ಎಲ್ಲರೂ ಪಂಪನ್ನು ತೊಳೆಯುತ್ತಿದ್ದದ್ದು ಕಾಲುವೆಯಲ್ಲಿ, ಕಾಲುವೆ ಹೋಗುತ್ತಿದ್ದದ್ದು ಕೆರೆಗೆ. ಒಂದು ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಕೆರೆಯ ದಡದ ಉದ್ದಕ್ಕೂ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬಿಸಿಲಿಗೆ ಸತ್ತವು ಎಂದ ಅಪ್ಪ. ಹಿಂದಿನ ದಿನವಿಡೀ ಮಳೆ ಹುಯ್ದಿತ್ತು. ಬಿಸಿಲು ಎಲ್ಲಿಂದ ಬಂತು ಎಂದು ನಾನು ಕೇಳಿದ್ದಕ್ಕೆ ನನ್ನ ತಲೆಗೊಂದು ಮೊಟಕಿದ. ನನಗೆ ಈಗಲೂ ಆ ಮೀನಿಗಿಂತ ಆ ಉತ್ತರದ ಮೇಲೆ ಸಿಟ್ಟು.

ಊರಿನ ಶಾಲೆಗೆ ಮೇಷ್ಟ್ರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಪ್ಪ ನನ್ನನ್ನು ಶಿವಾಜಿನಗರದ ಕನ್ನಡ ಶಾಲೆಗೆ ಸೇರಿಸಿದ. ಬೆಳಿಗ್ಗೆ ತರಕಾರಿ ಲಾರಿಯ ಮುಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತು ಹೋಗುವುದು, ಸಂಜೆ ಬಸ್ಸಿನಲ್ಲಿ ಊರಿನವರ ಜೊತೆ ಬರುವುದು. ನಮ್ಮ ತರಕಾರಿಯನ್ನು ಮಾರಿಕೊಡುತ್ತಿದ್ದ ಮಂಡಿಯ ಖಾದರ್ ಸಾಬರ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇತ್ತು. ಅವರ ಮಗಳು ನಸೀಮಾ ನನ್ನದೇ ಕ್ಲಾಸು, ನನ್ನದೇ ಬೆಂಚು. ಇವತ್ತಿಗೂ ಫ್ರೇಜರ್ ಟೌನಿನಿಂದ ವಾರಕ್ಕೊಮ್ಮೆ ಫೋನು ಮಾಡಿ ನನ್ನ ಮಂಡಿನೋವಿಗೆ ಬೈಯುತ್ತಾಳೆ. ಮಧ್ಯಾಹ್ನದ ಹೊತ್ತು ನಾನು ಅವರ ಮನೆಯಲ್ಲೇ ಇರುತ್ತಿದ್ದೆ. ಮೊದಮೊದಲು ಅಜ್ಜಿ ಡಬ್ಬಿಯಲ್ಲಿ ಮುದ್ದೆ ಕಟ್ಟಿಕೊಡುತ್ತಿದ್ದಳು. ಮಧ್ಯಾಹ್ನಕ್ಕೆ ಅದು ಕಲ್ಲಾಗಿರುತ್ತಿತ್ತು, ನಾನು ಓಣಿಯ ಮೇಕೆಗೆ ಹಾಕುತ್ತಿದ್ದೆ. ಅದನ್ನು ನೋಡಿದ ನಸೀಮಾಳ ತಾಯಿ ಸಕೀನಮ್ಮ, ಇನ್ನು ಮೇಲೆ ಡಬ್ಬಿ ಬೇಡ, ಇಬ್ಬರೂ ಇಲ್ಲೇ ಉಣ್ಣಲಿ ಎಂದು ಹೇಳಿ ಕಳಿಸಿದರು. ಅಪ್ಪ ತಕ್ಷಣ ಒಪ್ಪಿಕೊಂಡ. ಸಾಬರ ಮನೆ ಎಂದ ಮೇಲೆ ದಿನಾ ಮಾಂಸ, ಅನ್ನ, ಬೇಳೆ, ಅಲ್ಲಿ ತರಕಾರಿ ಯಾರು ಮುಟ್ಟುತ್ತಾರೆ ಎಂಬುದು ಅವನ ತಲೆಯಲ್ಲಿದ್ದ ಚಿತ್ರ. ಹತ್ತು ವರ್ಷ ಅವರ ಜೊತೆ ವ್ಯಾಪಾರ ಮಾಡಿದ್ದ, ಒಮ್ಮೆಯೂ ಅವರ ಮನೆಯ ಒಲೆಯ ಮೇಲೆ ಏನಿದೆ ಎಂದು ನೋಡಿರಲಿಲ್ಲ. ಆ ಮನೆಯಲ್ಲಿ ಮಾಂಸ ಶುಕ್ರವಾರಕ್ಕೆ ಮಾತ್ರ. ಉಳಿದ ದಿನವೆಲ್ಲ ಮಂಡಿಯಿಂದ ಸಾಬರು ತಂದ ತರಕಾರಿ, ಅದರಲ್ಲೂ ಬದನೆಕಾಯಿ. ಕಡಲೆಬೀಜ, ಎಳ್ಳು ಹುರಿದು ಅರೆದು, ಹುಣಸೆಹುಳಿ ಬಿಟ್ಟು ಸಕೀನಮ್ಮ ಮಾಡುತ್ತಿದ್ದ ಆ ಬದನೆಕಾಯಿಗಾಗಿ ನಾನು ಬೆಳಿಗ್ಗೆಯ ಲೆಕ್ಕದ ಪೀರಿಯಡ್ಡಿನಿಂದಲೇ ಕಾಯುತ್ತಿದ್ದೆ. ನಸೀಮಾ ತನ್ನ ತಟ್ಟೆಯಿಂದ ದೊಡ್ಡ ತುಂಡೊಂದನ್ನು ಆರಿಸಿ ನನ್ನ ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಯಾಕೆ ಎಂದು ನಾನು ಕೇಳಿದವಳಲ್ಲ, ಅವಳೂ ಹೇಳಿದವಳಲ್ಲ, ಅದು ನಡೆದುಕೊಂಡು ಬಂದಿತ್ತು.

ಒಂದು ಸಂಜೆ ಊಟಕ್ಕೆ ಕೂತಿದ್ದಾಗ ಅಜ್ಜಿಯ ಬದನೆಕಾಯಿ ಗೊಜ್ಜು ನೋಡಿ ನಾನು ಮೂತಿ ತಿರುಗಿಸಿದೆ.

“ಸಕೀನಮ್ಮ ಮಾಡೋ ಬದನೆಕಾಯಿ ಮುಂದೆ ಇದೆಲ್ಲ ಏನೂ ಇಲ್ಲ.”

ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ನಿಂತುಹೋಯಿತು.

“ಯಾವ ಬದನೆಕಾಯಿ?”

“ನಮ್ದೇ. ಸಾಬ್ರು ಮಂಡಿಯಿಂದ ತರ್ತಾರಲ್ಲ, ಅದು.”

“ಎಷ್ಟು ದಿನದಿಂದ ತಿಂತಿದೀಯ?”

“ದಿನಾ ತಿಂತೀನಿ.”

ಅಮ್ಮ ಅಪ್ಪನ ಮುಖ ನೋಡಿದಳು. ಅಜ್ಜಿ ನನ್ನನ್ನು ಹತ್ತಿರ ಎಳೆದುಕೊಂಡು ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿದಳು, ನಾಲಿಗೆ ಚಾಚಿಸಿದಳು. ನನಗೆ ಏನೂ ಆಗಿರಲಿಲ್ಲ, ನಾನು ಗುಂಡುಕಲ್ಲಿನ ಹಾಗಿದ್ದೆ. ಆದರೆ ಅಪ್ಪ ಆ ಸಂಜೆ ಊಟ ಬಿಟ್ಟು ಎದ್ದುಹೋದ. ಒಂದೂವರೆ ವರ್ಷ ನಾನು ತಿಂದದ್ದನ್ನು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಿರಬೇಕು. ಮಾರನೆಯ ಬೆಳಿಗ್ಗೆ ಮಂಡಿಯಲ್ಲಿ ಮೂಟೆ ಇಳಿಸುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾತು ತೆಗೆದ.

“ಸಾಬ್ರೇ, ನಮ್ ಪಾಪಂಗೆ ಬದನೆಕಾಯಿ ಕೊಡ್ಬೇಡಿ ಅಂತ ಮನೇಲಿ ಒಂದ್ ಮಾತು ಹೇಳ್ಬಿಡಿ.”

“ಕೈಕು ಜೀ? ಮೈಗೆ ಆಗಲ್ವಾ?”

ಹೂಂ, ತುರಿಕೆ ಬರುತ್ತದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೀನಿಗೆ ಬಿಸಿಲು ತಂದ ಮನುಷ್ಯನಿಗೆ ಆ ಹೊತ್ತಿಗೆ ಒಂದು ಸುಳ್ಳು ಹೊಳೆಯಲಿಲ್ಲ.

“ಅದಲ್ಲ. ಔಷಧಿ ಹೊಡ್ದಿರೋದು.”

“ಎಲ್ಲಾರೂ ಹೊಡೀತಾರೆ. ನೀನು ಯಾವಾಗ ಹೊಡ್ದಿದ್ದು?”

“ನಿನ್ನೆ.”

ಸಾಬರು ಕೈಯಲ್ಲಿದ್ದ ಕಾಯಿಯನ್ನು ಮೂಟೆಯೊಳಗೆ ವಾಪಸು ಇಟ್ಟರು.

“ನಿನ್ ಮಗಳಿಗೆ ಬೇಡ. ನನ್ ಮಗಳಿಗೆ?”

“ನೀವೇ ಅಲ್ವಾ ಸಾಬ್ರೇ, ಒಂದು ತೂತಿದ್ರೆ ಮೂಟೆನೇ ವಾಪಸ್ ತಗೊಂಡ್ ಹೋಗು ಅನ್ನೋದು?”

“ನಾನು ಅನ್ನಲ್ಲ. ತಗೊಳ್ಳೋರು ಅಂತಾರೆ.”

ನನ್ನ ತಂದೆಗೆ ಸಾಬರು, ಸಾಬರಿಗೆ ಗಿರಾಕಿ, ಗಿರಾಕಿಗೆ ಇನ್ಯಾರೋ. ಹೀಗೆ ಬೆರಳು ತೋರಿಸುತ್ತ ಹೋದರೆ ಅದು ಭೂಮಿ ಸುತ್ತಿ ವಾಪಸು ಬರುತ್ತದೆ. ಆ ದಿನದ ಮೂಟೆಗಳನ್ನು ಯಾರಾದರೂ ವಾಪಸು ಲಾರಿಗೆ ಹಾಕುತ್ತಾರೆ ಎಂದು ನಾನು ಕಾದೆ. ಶಾಲೆಯ ಗಂಟೆ ಹೊಡೆಯುವುದರೊಳಗೆ ಎಲ್ಲ ಮೂಟೆಯೂ ಎಂದಿನಂತೆ ಮಾರಿಹೋಯಿತು.

ಸುದ್ದಿ ನನಗಿಂತ ಮುಂಚೆ ಸಾಬರ ಮನೆ ಮುಟ್ಟಿತ್ತು. ಮಧ್ಯಾಹ್ನ ಸಕೀನಮ್ಮ ಇಬ್ಬರಿಗೂ ಬೇಳೆ ಅನ್ನ ಬಡಿಸಿದರು. ಸಂಜೆ ನಾನು ಬಸ್ಸಿಗೆ ಹೊರಟಾಗ ಎರಡು ಗಿಣ್ಣಲಿನ ಒಂದು ಕ್ಯಾರಿಯರ್ ಕೈಗಿತ್ತರು. ಇನ್ನೂ ಬಿಸಿಯಾಗಿತ್ತು, ಹುರಿದ ಎಳ್ಳಿನ ವಾಸನೆ ಮುಚ್ಚಳದಿಂದಲೇ ಬರುತ್ತಿತ್ತು.

“ನಿಮ್ಮಪ್ಪಂಗೆ ಕೊಡು. ನಿಮ್ ತೋಟದ್ದೇ ಅಂತ ಹೇಳು.”

ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಯಲ್ಲಿ ಅಪ್ಪನ ಮುಂದೆ ಇಟ್ಟು ಹೇಳಿದ್ದನ್ನು ಹೇಳಿದೆ. ಅಪ್ಪ ಮುಚ್ಚಳ ತೆಗೆದು ನೋಡಿದ. ಅಷ್ಟು ಚೆನ್ನಾಗಿ ಮಾಡಿದ ಬದನೆಕಾಯಿಯನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮುಚ್ಚಳ ಮುಚ್ಚಿ, ಹೊಟ್ಟೆ ಸರಿ ಇಲ್ಲ ಎಂದ. ಅಜ್ಜಿ ಅದನ್ನು ತೆಗೆದುಕೊಂಡು ಹೋಗಿ ತಿಪ್ಪೆಯ ಆಚೆ ಗುಂಡಿ ತೋಡಿ ಹೂತಳು. ಕೋಳಿ ಕೂಡ ಕೆದಕದಿರಲಿ ಎಂದು ಮೇಲೆ ಕಲ್ಲಿಟ್ಟಳು. ಪಂಪು ಹೊತ್ತ ಬೆನ್ನಿಗೆ, ಅಮ್ಮನ ಅಂಗೈಗೆ, ನನ್ನ ಹೇನಿನ ತಲೆಗೆ ಇಲ್ಲದ ಹೆದರಿಕೆ ಆ ಎರಡು ಗಿಣ್ಣಲಿಗೆ! ಕ್ಯಾರಿಯರನ್ನು ತೊಳೆದ ಮೇಲೆ ಅವಳಿಗೆ ಇನ್ನೊಂದು ಚಿಂತೆ ಹತ್ತಿತು. ಊಟ ಬಂದ ಪಾತ್ರೆಯನ್ನು ನಮ್ಮ ಮನೆಯಲ್ಲಿ ಖಾಲಿ ಕಳಿಸುವ ರೂಢಿಯಿಲ್ಲ, ಏನಾದರೂ ತುಂಬಿಯೇ ಕಳಿಸಬೇಕು. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಗಿಣ್ಣಲಿನ ತುಂಬ ಮನೆ ಸಾಲಿನ ಬದನೆಕಾಯಿ, ಬೂದಿ ಒರೆಸಿ ಇಟ್ಟದ್ದು. ತನ್ನ ಕೈಲಿದ್ದ ಒಳ್ಳೆಯ ವಸ್ತು ಅದೊಂದೇ, ಅದನ್ನೇ ಕೊಟ್ಟಳು. ಅದು ಏನು ಹೇಳಿಬಿಡುತ್ತದೆ ಎಂದು ಅವಳಿಗೆ ತೋಚಲಿಲ್ಲ, ಅಪ್ಪನಿಗೂ ತೋಚಲಿಲ್ಲ. ಅವನು ಲಾರಿಯಲ್ಲಿ ನನಗೆ ಬೇರೆ ಪಾಠ ಹೇಳಿಕೊಡುತ್ತಿದ್ದ.

“ಅಪ್ಪ ತಿಂದ ಅಂತ ಹೇಳು. ಚೆನ್ನಾಗಿತ್ತು ಅಂತ ಹೇಳು.”

ಮಧ್ಯಾಹ್ನ ಸಕೀನಮ್ಮ ಕೇಳಿದಾಗ ಹಾಗೇ ಹೇಳಿದೆ.

“ನಿಮ್ಮಪ್ಪ ತಿಂದ್ರಾ?”

“ತಿಂದ. ಚೆನ್ನಾಗಿತ್ತಂತೆ.”

ಸಕೀನಮ್ಮ ಮುಚ್ಚಳ ತೆಗೆದರು. ಡೊಂಕು ಕಾಯೊಂದನ್ನು ಎತ್ತಿ ತಿರುಗಿಸಿ ನೋಡಿದರು, ಈಳಿಗೆಮಣೆಗೆ ಕೊಟ್ಟು ಎರಡು ಹೋಳು ಮಾಡಿದರು. ಒಳಗಿನಿಂದ ಹುಳು ತಲೆ ಎತ್ತಿತು. ಅವರು ಅದನ್ನು ಉಗುರಿನ ತುದಿಯಲ್ಲಿ ತೆಗೆದು, ಸಾಯಿಸದೆ, ಬಾಗಿಲಾಚೆ ಹಾಕಿದರು.

“ಇದು ನಿಮ್ಮನೇಗೆ ಬೆಳೆಯೋದಾ?”

ನಾನು ತಲೆಯಾಡಿಸಿದೆ. ಹೇಳಿದ ಸುಳ್ಳು ಅಲ್ಲಿಗೆ ಬಿದ್ದುಹೋಯಿತು ಎಂದು ನನಗೆ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಅವರು ಬೈಯಲಿಲ್ಲ. ತೂತಿನ ಭಾಗವನ್ನೆಲ್ಲ ಕೊರೆದು ತೆಗೆದು ಅವತ್ತೇ ಅಡುಗೆ ಮಾಡಿದರು. ನಾನು ನಸೀಮಾ ಒಂದೇ ಬಾಣಲೆಯದನ್ನು ಉಂಡೆವು, ಅವಳು ಎಂದಿನಂತೆ ದೊಡ್ಡ ತುಂಡನ್ನು ನನಗಿಟ್ಟಳು. ಸಂಜೆ ಮನೆಗೆ ಬಂದವಳೇ ನಾನು ಅಪ್ಪನನ್ನು ಹಿಡಿದುಕೊಂಡೆ.

“ಅಪ್ಪ, ಮನೆ ಸಾಲು ಇನ್ನೊಂದು ಬಿಡು.”

“ಯಾಕೆ?”

“ನಸೀಮಾಗೆ.”

“ಶಿವಾಜಿನಗರಕ್ಕೆಲ್ಲ ಬಿಡೋಕಾಗುತ್ತೇನೇ?”

“ಶಿವಾಜಿನಗರಕ್ಕೆಲ್ಲ ಅಲ್ಲ. ನಸೀಮಾ ಒಬ್ಳಿಗೆ.”

“ಸುಮ್ನೆ ಊಟ ಮಾಡು.”

ಇನ್ನೊಂದು ಸಾಲು ಬಿಟ್ಟಿದ್ದರೆ ಏನು ಹೋಗುತ್ತಿತ್ತು? ಇದನ್ನು ನಾನು ಅಪ್ಪ ಸಾಯುವವರೆಗೂ ಬೇರೆ ಬೇರೆ ರೀತಿಯಲ್ಲಿ ಕೇಳಿದ್ದೇನೆ, ಅವನು ಬೇರೆ ಬೇರೆ ರೀತಿಯಲ್ಲಿ ಊಟ ಮಾಡು ಎಂದಿದ್ದಾನೆ. ನಾಗನಿಗೆ ಹೋದ ತಿಂಗಳು ಎರಡನೇ ಅಂತಸ್ತಿನ ಮಗುವಿನ ಮಾತು ಎತ್ತಿದಾಗ ನಾನು ಕೇಳಿದ್ದೂ ಅದನ್ನೇ. ನನ್ನ ಬಾಯಿ ಇಷ್ಟು ಜೋರಾದದ್ದು, ನೆಂಟರು ನನ್ನನ್ನು ಕಂಡರೆ ಪಕ್ಕಕ್ಕೆ ಸರಿಯುವಂತಾದದ್ದು ಆ ಸಾಲಿನಿಂದಲೇ. ಆದರೆ ಊರಿಗೆಲ್ಲ ಬೈಯುವ ನಾನು ಏನು ಮಾಡಿದೆ ಎನ್ನುವುದನ್ನು ಈವರೆಗೆ ಯಾರಿಗೂ ಹೇಳಿಲ್ಲ, ನಸೀಮಾಗೂ ಹೇಳಿಲ್ಲ. ಅವಳಿಗೆ ಹೇಳುವ ಅಗತ್ಯವಿಲ್ಲ, ಅವಳು ಎದುರಿಗೇ ಇದ್ದಳು.

ಮಾರನೆಯ ಮಧ್ಯಾಹ್ನ ಕ್ಯಾರಿಯರಿನ ಕಾಯಿ ಮುಗಿದಿತ್ತು. ಒಲೆಯ ಮೇಲೆ ಮತ್ತೆ ಮಂಡಿಯ ಬದನೆಕಾಯಿ. ಮಾರ್ಕೆಟ್ಟಿನಲ್ಲಿ ಇದ್ದದ್ದೆಲ್ಲ ನಮ್ಮಂಥವರ ತೋಟದ್ದೇ, ಆ ತಾಯಿ ಬೇರೆ ಇನ್ನೇನು ತಂದಾರು? ಸಕೀನಮ್ಮ ನನ್ನ ತಟ್ಟೆಗೆ ಬೇಳೆ ಅನ್ನ ಬಡಿಸಿ, ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ ಇಟ್ಟರು. ನಸೀಮಾಳ ತಟ್ಟೆಗೆ ಬೇಳೆ, ಅನ್ನ, ಬದನೆಕಾಯಿ. ನಾನು ಅವರ ಮುಖ ನೋಡಿದೆ.

“ನಿಮ್ಮಪ್ಪ ಬೇಡ ಅಂದವ್ರೆ ಬೇಟಿ. ಉಣ್ಣು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಸೀಮಾ ತಟ್ಟೆಯಲ್ಲಿ ಹುಡುಕಿ ದೊಡ್ಡ ತುಂಡನ್ನು ಆರಿಸಿದಳು, ಎಂದಿನಂತೆ ನನ್ನ ಕಡೆ ಕೈ ಚಾಚಿದಳು. ನಾನು ನನ್ನ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. ಅವಳ ಕೈ ಒಂದು ಗಳಿಗೆ ಅಲ್ಲೇ ನಿಂತಿತ್ತು. ಆಮೇಲೆ ಅವಳು ಆ ತುಂಡನ್ನು ತಾನೇ ತಿಂದಳು.